44 ಸೆಂಟಿಮೀಟರೋ, 54 ಸೆಂಟಿಮೀಟರೋ?

ವಾಲಿಬಾಲ್ ಆಟಗಾರ್ತಿಯೊಬ್ಬಳು ನಿಂತಲ್ಲೇ ಮೇಲಕ್ಕೆ ಜಿಗಿಯುತ್ತಾಳೆ. ಕಾಲಡಿಯ ಸೆನ್ಸರ್ ಮ್ಯಾಟ್ 44 ಸೆಂ.ಮೀ. ಎಂದರೆ, ಪಕ್ಕದ ಕಂಬದ ಮೇಲೆ ಆಕೆ ಕೈಯಿಂದ ತಳ್ಳಿದ ಪಟ್ಟಿ 54ರ ಹತ್ತಿರ ತೋರಿಸಬಹುದು. ಎರಡೂ ಸರಿಯೇ. ಕಂಬದ ಲೆಕ್ಕ ಶುರುವಾಗುವುದು ಪಾದ ಪೂರ್ತಿ ನೆಲಕ್ಕೂರಿ ಕೈ ಚಾಚಿದ ಎತ್ತರದಿಂದ. ಹಿಮ್ಮಡಿ ಎತ್ತಿದಾಗ ಸಿಗುವ ಏರಿಕೆಯೂ ಅದರಲ್ಲಿ ಸೇರುತ್ತದೆ. ಮ್ಯಾಟ್ ಲೆಕ್ಕ ಹಾಕುವುದು ಕಾಲ್ಬೆರಳ ತುದಿ ನೆಲ ಬಿಟ್ಟ ನಂತರದ ಏರಿಕೆಯನ್ನು ಮಾತ್ರ. ಹಾಗಾಗಿ ಉಪಕರಣ ಎಷ್ಟು ನಿಖರ ಎಂದು ಕೇಳುವ ಮೊದಲು, ಅದು ಅಳೆಯುತ್ತಿರುವುದು ಏನನ್ನು ಎಂದು ಕೇಳಲೇಬೇಕು.

ಮ್ಯಾಟ್ ನಿಜಕ್ಕೂ ಒಂದು ಗಡಿಯಾರ. ಗಾಳಿಯಲ್ಲಿದ್ದ ಸಮಯದ ವರ್ಗವನ್ನು 9.81ರಿಂದ ಗುಣಿಸಿ 8ರಿಂದ ಭಾಗಿಸಿದರೆ ಎತ್ತರ ಮೀಟರಿನಲ್ಲಿ ಸಿಗುತ್ತದೆ. 0.60 ಸೆಕೆಂಡಿಗೆ 44 ಸೆಂ.ಮೀ. ಏರಲು ಅರ್ಧ ಸಮಯ, ಇಳಿಯಲು ಅರ್ಧ ಎಂಬುದು ಈ ಸೂತ್ರದ ನಂಬಿಕೆ. ಆದರೆ ಇಳಿಯುವಾಗ ಮೊಣಕಾಲು ಮಡಚಿಕೊಂಡರೆ ಪಾದ ನೆಲ ಮುಟ್ಟುವುದು ತಡವಾಗುತ್ತದೆ. ಬರೀ 0.03 ಸೆಕೆಂಡ್ ತಡವಾದರೂ ಮ್ಯಾಟ್ 48 ದಾಟಿಸುತ್ತದೆ. ಆಕೆ ಹೆಚ್ಚು ಜಿಗಿದಿಲ್ಲ, ಕಾಲು ಮಡಚಿದ್ದಾಳೆ, ಅಷ್ಟೇ.

ಇಂಥ ಉಪಕರಣಗಳನ್ನು ಸಾಮಾನ್ಯವಾಗಿ ಫೋರ್ಸ್ ಪ್ಲೇಟ್ ಜೊತೆ ಹೋಲಿಸುತ್ತಾರೆ. ಅದು ನೆಲದ ಮೇಲೆ ಬೀಳುವ ಬಲವನ್ನು ಸೆಕೆಂಡಿಗೆ ಸುಮಾರು ಸಾವಿರ ಸಲ ದಾಖಲಿಸುತ್ತದೆ. ಆ ಬಲದಿಂದ ನೆಲ ಬಿಡುವ ಹೊತ್ತಿನ ವೇಗ, ವೇಗದಿಂದ ಎತ್ತರ. ಹೇಗೆ ಇಳಿದರೂ ಈ ಲೆಕ್ಕ ಕೆಡುವುದಿಲ್ಲ. ಆದರೆ ಜಿಗಿಯುವ ಮೊದಲು ಒಂದು ಕ್ಷಣ ಅಲ್ಲಾಡದೆ ನಿಲ್ಲಬೇಕು. ಅಲ್ಲಾಡಿದರೆ ದೇಹತೂಕವೇ ತಪ್ಪಾಗಿ ದಾಖಲಾಗಿ, ಆ ತಪ್ಪು ಮುಂದಿನ ಲೆಕ್ಕದಲ್ಲಿ ಕೂಡುತ್ತಾ ಹೋಗುತ್ತದೆ.

ಒಂದೇ ಜಿಗಿತವನ್ನು ಎರಡೂ ಉಪಕರಣಗಳಿಂದ ಒಟ್ಟಿಗೇ ಅಳೆದು, ಹಲವರಿಂದ ಹಲವು ಬಾರಿ ಜಿಗಿಸಿ ಹೋಲಿಸಿದ ಮೇಲೆ ಬರುವ '0.99 ಸಹಸಂಬಂಧ' (ಎರಡು ಅಳತೆಗಳು ಎಷ್ಟರಮಟ್ಟಿಗೆ ಒಟ್ಟಿಗೇ ಏರಿಳಿಯುತ್ತವೆ ಎಂಬುದರ ಸೂಚಕ, ಪೂರ್ತಿ ಹೊಂದಿದರೆ 1) ಎಂಬ ಸಂಖ್ಯೆಯನ್ನು ನಾನು ಸುಲಭವಾಗಿ ನಂಬುವುದಿಲ್ಲ. ಎಲ್ಲರಿಗೂ ಸರಿಯಾಗಿ 5 ಸೆಂ.ಮೀ. ಹೆಚ್ಚು ಕೊಡುವ ಉಪಕರಣಕ್ಕೂ ಸಹಸಂಬಂಧ ಪೂರ್ತಿ 1 ಬರುತ್ತದೆ! 1986ರಲ್ಲಿ ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದಕ್ಕೊಂದು ಸರಳ ದಾರಿ ವಿವರಿಸಿದರು: ಎರಡು ಅಳತೆಗಳ ವ್ಯತ್ಯಾಸವನ್ನೇ ನಕ್ಷೆಯ ಮೇಲೆ ಗುರುತಿಸಿ, ಅದು ಎಷ್ಟು ಹರಡಿದೆ ನೋಡಿ. ಎಲ್ಲರಿಗೂ ಒಂದೇ ಸಮನಾದ ವ್ಯತ್ಯಾಸವಿದ್ದರೆ ಕಳೆದುಬಿಡಬಹುದು. ಒಮ್ಮೆ ನಾಲ್ಕು ಹೆಚ್ಚು, ಒಮ್ಮೆ ನಾಲ್ಕು ಕಡಿಮೆ ತೋರಿಸುವ ಉಪಕರಣದ ಸರಾಸರಿ ಎಷ್ಟೇ ಚೆನ್ನಾಗಿದ್ದರೂ, ಆರು ವಾರದ ತರಬೇತಿಯಿಂದ ಬಂದ 2 ಸೆಂ.ಮೀ. ಸುಧಾರಣೆ ಅದರಲ್ಲಿ ಕಾಣುವುದೇ ಇಲ್ಲ. ಕೋಚ್‌ಗೆ ಬೇಕಿರುವುದು ಅದೇ ತಾನೆ?

ಮೊಬೈಲ್ ಆ್ಯಪ್‌ಗಳಿಗೂ ಇದೇ ಪರೀಕ್ಷೆ. ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಕ್ಯಾಮೆರಾದಲ್ಲಿ, 44 ಸೆಂ.ಮೀ. ಜಿಗಿತಕ್ಕೆ ಒಂದು ಫ್ರೇಮ್ ಆಚೀಚೆಯಾದರೆ ಸುಮಾರು 0.6 ಸೆಂ.ಮೀ. ವ್ಯತ್ಯಾಸ. ಹಲವು ಆ್ಯಪ್‌ಗಳಲ್ಲಿ ಪಾದ ನೆಲ ಬಿಟ್ಟ ಮತ್ತು ಮತ್ತೆ ನೆಲ ಮುಟ್ಟಿದ ಫ್ರೇಮ್ ಆರಿಸುವುದು ಮನುಷ್ಯನ ಕಣ್ಣು. ಆದ್ದರಿಂದ ಅಲ್ಲಿ ಒಂದೇ ವಿಡಿಯೊವನ್ನು ಇಬ್ಬರ ಕೈಗೆ ಕೊಟ್ಟು, ಇಬ್ಬರ ಉತ್ತರವನ್ನೂ ಹೋಲಿಸಬೇಕು.