ಹೋಳಿ ಹುಣ್ಣಿಮಿ: ಬೆಂಕಿ ಕಥಿ ಬ್ಯಾರೆ, ಬಣ್ಣದ ಕಥಿ ಬ್ಯಾರೆ

ಹೋಳಿ ಮ್ಯಾಲ ಟಿಪ್ಪಣಿ ಬರೀರಿ ಅಂದ್ರ ನಮ್ಮ ಕಲಬುರಗಿ ಹುಡುಗರೂ ಸೀದಾ ಪ್ರಹ್ಲಾದ, ಹೋಲಿಕಾ ಅಂತ ಶುರು ಮಾಡ್ತಾರ. ಓಣ್ಯಾಗ ಸುಡೋದು ಯಾರನ್ನ? ಕಾಮಣ್ಣನ್ನ, ಅಂದ್ರ ಮನ್ಮಥನ್ನ. ಹಂಗಾದ್ರ ಟಿಪ್ಪಣ್ಯಾಗ ಮೊದಲ ಬರಬೇಕಾದ್ದೂ ಅವನೇ ಅಲ್ಲೇನ್ರಿ, ಪ್ರಹ್ಲಾದನ ಕಥಿ ಬಿಡ್ರಿ ಅಂತ ಹೇಳ್ತಿಲ್ಲ, ಅದು ಉತ್ತರ ಭಾರತದಾಗ ಮುಖ್ಯ ಕಥಿ, ಬರೀಲೇಬೇಕು. ಹಿರಣ್ಯಕಶಿಪುನ ತಂಗಿ ಹೋಲಿಕಾ, ಬೆಂಕಿ ಸುಡಲ್ಲ ಅಂತ ವರ ಇದ್ದಾಕಿ, ಅಣ್ಣನ ಮಗನ್ನ ತೊಡಿ ಮ್ಯಾಲ ಕೂಡಿಸ್ಕೊಂಡು ಬೆಂಕ್ಯಾಗ ಕುಂತಳು, ತಾನೇ ಸುಟ್ಟಳು, ಹುಡುಗ ಉಳದ. ಒಂದು ಪಾಯಿಂಟ್ ನೆನಪಿಡ್ರಿ: ಭಾಗವತದ 7ನೇ ಸ್ಕಂಧದಾಗ ಪ್ರಹ್ಲಾದನ ಕಥಿ ಪೂರಾ ಅದ, ಆನಿ, ಹಾವು, ವಿಷ, ಬೆಂಕಿ ಎಲ್ಲಾ ಬರ್ತಾವ, ಆದ್ರ ಈ ಸೋದರತ್ತಿ ಬರಲ್ಲ.

ಈಗ ನಮ್ಮ ಕಾಮಣ್ಣ. ತಾರಕಾಸುರಗ ಶಿವನ ಮಗನ ಕೈಯಿಂದ್ಲೇ ಸಾವು ಅಂತ ವರ, ಶಿವ ನೋಡಿದ್ರ ಸತಿ ಹೋದ ಮ್ಯಾಲ ತಪಸ್ಸಿಗೆ ಕುಂತಾನ, ಮದಿವಿ ಇಲ್ಲ ಮಗ ಎಲ್ಲಿಂದ ಬರಬೇಕು. ಇಂದ್ರ ಮನ್ಮಥನ್ನ ಕಳಸ್ತಾನ, ಅವನ ಸಂಗಟ ಗೆಳೆಯ ವಸಂತ, ಕಾಲ ಅಲ್ಲದ ಕಾಲಕ್ಕ ಗಿಡಾ ಎಲ್ಲಾ ಹೂ ಬಿಡ್ತಾವ, ಹೂವಿನ ಬಾಣ ಏರಿಸ್ತಾನ, ಶಿವ ಮೂರನೇ ಕಣ್ಣು ತೆಗಿತಾನ, ಕಾಮ ಬೂದಿ. ಕಾಳಿದಾಸನ ಕುಮಾರಸಂಭವದಾಗ ಇದು 3ನೇ ಸರ್ಗ, 4ನೇ ಸರ್ಗ ಪೂರ್ತಿ ರತಿಯ ಅಳು. ಕನ್ನಡದಾಗ ಹರಿಹರನ ಗಿರಿಜಾಕಲ್ಯಾಣದಾಗೂ ಕಾಮದಹನ ಅದ. ಬೆಂಕಿ ಹಚ್ಚಿದ ಕೂಡ್ಲೆ ನಮ್ಮ ಕಡಿ ಬಾಯಿ ಮ್ಯಾಲ ಕೈ ಬಡ್ಕೊಂಡು ಲಬೋ ಲಬೋ ಅಂತ ಹೊಯ್ಕೊಳ್ತಾರಲ್ಲ, ಕಾಮ ಸತ್ತ ಅಂತ ಅಳೋ ಅಳು ಅದು, ಹಿರ್ಯಾರು ಹಂಗೇ ಹೇಳ್ತಾರ.

ಆದ್ರ ಆ ಬೊಬ್ಬಿಗೆ ಇನ್ನೊಂದು ಕಥಿ ಅದ, ನನಗಂತೂ ಇಡೀ ವಿಷಯದಾಗ ಇದೇ ಭಾಳ ಸೇರ್ತದ. ಭವಿಷ್ಯ ಪುರಾಣದಾಗ ಕೃಷ್ಣ ಧರ್ಮರಾಯಗ ಹೇಳ್ತಾನ: ರಘು ಮಹಾರಾಜನ ಕಾಲಕ್ಕ ಢುಂಢಾ ಅಂತ ರಾಕ್ಷಸಿ ಕೂಸುಗಳಿಗೆ ಕಾಟ ಕೊಡ್ತಿದ್ದಳು, ದೇವರಿಂದ, ಮನುಷ್ಯರಿಂದ, ಆಯುಧದಿಂದ ಸಾವಿಲ್ಲ ಅಂತ ಶಿವನ ವರ, ಆಕಿಗೆ ಅಂಜಿಕಿ ಹುಡುಗರದ್ದು ಮಾತ್ರ. ಅದಕ್ಕ ಫಾಲ್ಗುಣ ಹುಣ್ಣಿಮಿ ದಿನ ಹುಡುಗರು ಕಟ್ಟಿಗಿ ಗುಡ್ಡಿ ಹಾಕಿ ಬೆಂಕಿ ಹಚ್ಚಬೇಕು, ಮೂರು ಸುತ್ತು ಹಾಕ್ಬೇಕು, ನಗಬೇಕು, ಚಪ್ಪಾಳಿ ಹೊಡಿಬೇಕು, ಬಾಯಿಗೆ ಬಂದದ್ದು ಒದರಬೇಕು ಅಂತ ಉಪಾಯ. ಈಗ ಕಾಮಣ್ಣನ ಮುಂದ ನಮ್ಮ ಹುಡುಗರು ಮಾಡೋದು ನೋಡ್ರಿ: ವಾರ ಮೊದಲೇ ಹಲಗಿ ಬಾರಸ್ಕೋತ ತಿರಗ್ತಾರ, ಮನಿ ಮನಿಗೆ ಕಟ್ಟಿಗಿ, ಕುಳ್ಳು ಕೇಳ್ತಾರ, ಕೊಡದಿದ್ರ ಕದೀತಾರ, ಕಳಕೊಂಡೋರು ಜಗಳ ತೆಗೆಯಂಗಿಲ್ಲ, ಬೈಗಳ ಪದಾನೂ ಆ ರಾತ್ರಿಗಷ್ಟೇ ಮಾಫಿ. ಅಸಭ್ಯ ಅಂತ ಒಂದೇ ಮಾತಿನಾಗ ಬರ್ದು ಮುಗಿಸಬ್ಯಾಡ್ರಿ. ಪುರಾಣದಾಗ ಬರ್ದಿಟ್ಟ ಆಚರಣಿ ಅದು, ಎರಡೂ ಕಥಿ ನಮ್ಮ ಓಣಿ ಬೆಂಕ್ಯಾಗ ಕೂಡ್ಯಾವ ಅಂತ ನಾ ತಿಳ್ಕೊಂಡೀನಿ.

ಹಬ್ಬ ಎಷ್ಟು ಹಳೀದು ಅಂತ ಕೇಳಿದ್ರ ಮೀಮಾಂಸಾ ಶಾಸ್ತ್ರದ ಮೂಲ ಗ್ರಂಥ ಜೈಮಿನಿ ಸೂತ್ರಕ್ಕ ಹಳೇ ಕಾಲದ ಪಂಡಿತ ಶಬರ ಬರ್ದ ಭಾಷ್ಯ ಹೇಳ್ರಿ. ಹೋಲಾಕಾ ಅನ್ನೋ ಹಬ್ಬ ಪೂರ್ವದ ಮಂದಿ ಅಷ್ಟೇ ಮಾಡ್ತಾರ, ಅದು ಅವರಿಗಷ್ಟೇ ಧರ್ಮನೋ ಎಲ್ಲಾರಿಗೂ ಧರ್ಮನೋ ಅಂತ ಅಲ್ಲಿ ದೊಡ್ಡ ಚರ್ಚೆ ನಡೀತದ, ಎಲ್ಲಾರಿಗೂ ಅಂತ ತೀರ್ಮಾನ ಆಗ್ತದ.

ಬಣ್ಣ ಬಂದದ್ದು ಬ್ಯಾರೆ ದಾರಿಯಿಂದ, ವಸಂತೋತ್ಸವದಿಂದ, ಅದಕ್ಕೇ ಮದನೋತ್ಸವ ಅಂತನೂ ಅಂತಿದ್ರು. ಹರ್ಷವರ್ಧನನ ರತ್ನಾವಳಿ ನಾಟಕದ ಮೊದಲನೇ ಅಂಕದಾಗ ಕೌಶಾಂಬಿ ಊರಿನ ಮಂದಿ ಬಣ್ಣದ ಪುಡಿ ತೂರ್ತಾರ, ಪಿಚಕಾರಿ ಹಿಡಿತಾರ (ನಮ್ಮ ಇಮ್ಮಡಿ ಪುಲಕೇಶಿ ತಡದ ಹರ್ಷನೇ ಇವ, 7ನೇ ಶತಮಾನ). ವಿಜಯನಗರಕ್ಕ 1420ರ ಸುಮಾರು ಬಂದ ಇಟಲಿಯ ನಿಕೊಲೊ ಕೊಂಟಿ ಮೂರು ದಿನದ ಹಬ್ಬ ಒಂದರ ಬಗ್ಗೆ ಹೇಳ್ಯಾನ, ದಾರಿ ಬದಿ ಕೇಸರಿ ನೀರು ಇಟ್ಟಿರ್ತಿದ್ರು, ಹೋಗೋರಿಗೆ ಬರೋರಿಗೆ ಗೊಜ್ಜತಿದ್ರು, ರಾಜ ರಾಣಿನೂ ಬಿಡ್ತಿರಲಿಲ್ಲ. ಕಾಮನ್ನ ಸುಡೋದು, ಕಾಮನ ಹಬ್ಬಕ್ಕ ಬಣ್ಣ ಆಡೋದು, ಎರಡೂ ವಸಂತದ್ದೇ, ಕೂಡಿದ್ದರಾಗ ಆಶ್ಚರ್ಯ ಇಲ್ಲ.

ಹಳೇ ಬಣ್ಣ ಅಂದ್ರ ಮುತ್ತಲ ಹೂ. ಚಿಂಚೋಳಿ ಕಡಿ ಅಡವ್ಯಾಗ ಇದೇ ಟೈಮಿಗೆ ಎಲಿ ಉದರಿ ಗಿಡ ಪೂರಾ ಕೇಸರಿ ಆಗಿರ್ತದ, ಹೂ ನೀರಾಗ ಕುದಿಸಿದ್ರ ಬಣ್ಣ ರೆಡಿ. ಅರಿಶಿಣಕ್ಕ ಸುಣ್ಣ ಕಲಸಿದ್ರ ಕೆಂಪು ಓಕುಳಿ, ಸುಣ್ಣ ಕ್ಷಾರ ಆಗಿರೋದಕ್ಕ ಅರಿಶಿಣದೊಳಗಿನ ಕರ್ಕ್ಯುಮಿನ್ ಬಣ್ಣ ಬದಲಾಗ್ತದ. ಈಗಿನ ಅಗ್ಗದ ಹಸಿರು ಬಣ್ಣದಾಗ ಮ್ಯಾಲಕೈಟ್ ಗ್ರೀನ್ ಅಂತ ಕೆಮಿಕಲ್ ಇರಬಹುದು, ಕಣ್ಣಿಗೆ ಭಾಳ ಕೆಟ್ಟದ್ದು, ಸಣ್ಣ ಹುಡುಗರ ಮುಖಕ್ಕ ದಯಮಾಡಿ ಹಚ್ಚಬ್ಯಾಡ್ರಿ.

ಊಟಕ್ಕ ಹೋಳಿಗಿ, ಸಣ್ಣವರ ಕೊರಳಾಗ ಸಕ್ಕರಿ ಸರ, ಇದು ಬೀದರ್ ಕಡಿ ಮರಾಠಿ ಮಂದಿ ಮನ್ಯಾಗೂ ಅದ. ತಾಂಡಾದ ಹೋಳಿನ ಬಿಡಬ್ಯಾಡ್ರಿ, ನಮ್ಮ ಕಡಿ ತಾಂಡಾ, ಅಂದ್ರ ಲಂಬಾಣಿ ಮಂದಿ ವಸ್ತಿ, ಭಾಳ ಅವ. ಲಂಬಾಣಿ ಮಂದಿ ಲೇಂಗಿ ಹಾಡ್ಕೋತ ಕುಣಿತಾರ, ಆ ವರ್ಷ ಗಂಡು ಕೂಸು ಹುಟ್ಟಿದ ಮನ್ಯಾಗ ಧೂಂಡ್ ಅಂತ ಶಾಸ್ತ್ರ ಮಾಡ್ತಾರ. ಇದಕ್ಕ ಒಂದು ಪ್ಯಾರಾ ಬರೆದ್ರೂ ಕಮ್ಮಿನೇ.

ಕಡೀಕ ತಿಥಿ ಲೆಕ್ಕ, ಇಲ್ಲಿ ಎಲ್ಲಾರೂ ಗಲಿಬಿಲಿ ಆಗ್ತಾರ. ಉತ್ತರದಾಗ ಹುಣ್ಣಿಮಿಗೆ ತಿಂಗಳು ಮುಗೀತದ, ಅದಕ್ಕ ಬಣ್ಣದ ದಿನ ಅವರಿಗೆ ಚೈತ್ರ ಕೃಷ್ಣ ಪಾಡ್ಯ. ನಮಗ ಅಮಾಸಿಗೆ ತಿಂಗಳು ಮುಗಿಯೋದು, ಅದೇ ದಿನ ನಮಗ ಇನ್ನೂ ಫಾಲ್ಗುಣ ಬಹುಳ ಪಾಡ್ಯ, ಚೈತ್ರ ಬರೋದು ಹದಿನೈದು ದಿನ ಬಿಟ್ಟು ಯುಗಾದಿಗೆ. ಹುಣ್ಣಿಮಿ ಆದ ಐದನೇ ದಿನ ಮಹಾರಾಷ್ಟ್ರದಾಗ ರಂಗಪಂಚಮಿ, ನಮ್ಮ ಕಲಬುರಗ್ಯಾಗ ಅದೇ ಪಂಚಮಿಗೆ ಶರಣಬಸವೇಶ್ವರ ತೇರು.