ಲೈಪೋಮಾ: ಬೆರಳಡಿ ಜಾರುವ ಕೊಬ್ಬಿನ ಗಂಟು

ಸರ್ಜರಿ ಒಪಿಡಿಯಲ್ಲಿ ಒಂದು ವಾರ ನಿಂತರೆ ಸಾಕು, ಈ ಗಂಟು ನಿಮ್ಮ ಕೈಗೆ ಸಿಕ್ಕೇ ಸಿಗುತ್ತದೆ. ಬರುವವರಲ್ಲಿ ಹೆಚ್ಚಿನವರು 40ರಿಂದ 60 ವರ್ಷದೊಳಗಿನವರು. ಬೆನ್ನು, ಭುಜ, ಕತ್ತು, ತೋಳು, ತೊಡೆ, ಎಲ್ಲೋ ಒಂದು ಕಡೆ ನಿಂಬೆಹಣ್ಣಿನಷ್ಟು ಉಬ್ಬು. "ಹತ್ತು ವರ್ಷದಿಂದ ಇದೆ ಮೇಡಂ, ನೋವೇನಿಲ್ಲ" ಅನ್ನುತ್ತಾರೆ. ಆಮೇಲೆ ದನಿ ಇಳಿಸಿ, "ಕ್ಯಾನ್ಸರ್ ಗಡ್ಡೆ ಅಲ್ಲ ತಾನೇ?" ಎಂದು ಕೇಳುತ್ತಾರೆ. ಅವರು ಬಂದದ್ದೇ ಈ ಒಂದು ಮಾತು ಕೇಳುವುದಕ್ಕೆ. ನಾವು ಓದುವುದು ಇಂಗ್ಲಿಷಿನಲ್ಲಿ, ಉತ್ತರ ಕೊಡಬೇಕಾದದ್ದು ಕನ್ನಡದಲ್ಲಿ. ಸರ್ಜರಿ ಪೋಸ್ಟಿಂಗಿಗೆ ಹೊರಟ ಜೂನಿಯರ್‌ಗಳಿಗೂ ನರ್ಸಿಂಗ್ ಓದುವವರಿಗೂ ಆಗಲಿ ಎಂದು ನನ್ನ ಟಿಪ್ಪಣಿಯನ್ನು ಬಿಡಿಸಿ ಬರೆದಿದ್ದೇನೆ.

ಒಳಗೆ ಏನಿದೆ?

ಲೈಪೋಮಾ ಅಂದರೆ ಕೊಬ್ಬಿನ ಕೋಶಗಳೇ ಒಂದೆಡೆ ಬೆಳೆದು ಕೂಡಿದ ಗಂಟು. ಮೈಯಲ್ಲಿ ಉಳಿದೆಡೆ ಇರುವ ಕೊಬ್ಬಿಗೂ ಇದಕ್ಕೂ ಮೈಕ್ರೋಸ್ಕೋಪಿನಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಇರುವ ದೊಡ್ಡ ವ್ಯತ್ಯಾಸ ಒಂದೇ: ಇದರ ಸುತ್ತ ತೆಳ್ಳನೆಯ ಪೊರೆ ಇರುತ್ತದೆ. ಪುಸ್ತಕದಲ್ಲಿ ಕ್ಯಾಪ್ಸೂಲ್ ಎಂದು ಓದುವುದು ಇದನ್ನೇ. ಈ ಪೊರೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಗಂಟು ಯಾಕೆ ಜಾರುತ್ತದೆ, ಆಪರೇಷನ್ ಯಾಕೆ ಸುಲಭ, ಕೆಲವರಿಗೆ ಯಾಕೆ ಮತ್ತೆ ಬರುತ್ತದೆ, ಎಲ್ಲಕ್ಕೂ ಉತ್ತರ ಅಲ್ಲಿದೆ. ನಾನು ಮೊದಲು ಚಿಹ್ನೆಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿದ್ದೆ, ಒಂದೂ ನೆನಪಿನಲ್ಲಿ ನಿಲ್ಲಲಿಲ್ಲ. ಪೊರೆಯಿಂದ ಶುರು ಮಾಡಿದ ಮೇಲೆ ಮರೆತಿಲ್ಲ.

ಕೊಬ್ಬು ಇರುವ ಕಡೆಯೆಲ್ಲ ಬರಬಹುದಾದ್ದರಿಂದ ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಇದನ್ನು ಯೂನಿವರ್ಸಲ್ ಟ್ಯೂಮರ್ ಅನ್ನುತ್ತಾರೆ. ಯಾಕೆ ಬರುತ್ತದೆ? ಹೆಚ್ಚಿನವರಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲಾಗದು. ಹಲವು ಲೈಪೋಮಾಗಳ ಕೋಶಗಳಲ್ಲಿ 12ನೇ ಕ್ರೋಮೋಸೋಮಿನ ಎಚ್‌ಎಂಜಿಎ2 ಎಂಬ ಜೀನಿನ ಜಾಗದಲ್ಲಿ ಏರುಪೇರು ಕಂಡಿದೆ. ಕೆಲವು ಮನೆಗಳಲ್ಲಿ ಅಪ್ಪನಿಗೂ ಮಗನಿಗೂ ಮೈತುಂಬ ಗಂಟುಗಳಿರುತ್ತವೆ.

"ತುಪ್ಪ ಜಾಸ್ತಿ ತಿಂದೆ, ಅದಕ್ಕೇ ಬಂತಾ?" ಎಂದು ತುಂಬ ಜನ ಕೇಳುತ್ತಾರೆ. ಅಲ್ಲ. ಸಣಕಲು ಮೈಯವರಿಗೂ ಬರುತ್ತದೆ. ಉಪವಾಸ ಮಾಡಿ ತೂಕ ಇಳಿಸಿದರೆ ಗಂಟು ಕರಗುವುದಿಲ್ಲ. ಸುತ್ತಲಿನ ಕೊಬ್ಬು ಇಳಿದು, ಗಂಟೇ ಇನ್ನೂ ಎದ್ದು ಕಾಣಬಹುದು. ಹಳೆಯ ಆಯುರ್ವೇದ ಗ್ರಂಥವಾದ ಸುಶ್ರುತ ಸಂಹಿತೆಯಲ್ಲಿ ಮೇದೋಜ ಗ್ರಂಥಿ, ಅಂದರೆ ಕೊಬ್ಬಿನಿಂದ ಹುಟ್ಟುವ ಗಂಟು, ಎಂಬ ವರ್ಣನೆ ಇದೆ. ಮೈ ತುಂಬಿದಾಗ ಬೆಳೆಯುತ್ತದೆ, ಮೈ ಇಳಿದಾಗ ಇಳಿಯುತ್ತದೆ, ನೋವು ಕಡಿಮೆ, ಒಡೆದರೆ ಎಳ್ಳಿನ ಹಿಂಡಿ, ತುಪ್ಪದಂಥ ಮೇದಸ್ಸು ಹೊರಬರುತ್ತದೆ ಎನ್ನುತ್ತದೆ. ನೋವು ಕಡಿಮೆ ಎಂಬುದು ಲೈಪೋಮಾಗೆ ಹೊಂದುತ್ತದೆ. ಒಡೆದಾಗ ಹಿಂಡಿಯಂತೆ ಬರುವುದು ಮಾತ್ರ ನನಗೆ ಸೆಬೇಶಿಯಸ್ ಸಿಸ್ಟ್, ಅಂದರೆ ಚರ್ಮಕ್ಕೆ ಅಂಟಿಕೊಂಡು ಬೆಳೆಯುವ, ಹಿಂಡಿಯಂಥದ್ದು ತುಂಬಿದ ಚೀಲದ ಗಂಟನ್ನು ನೆನಪಿಸುತ್ತದೆ. ಅಷ್ಟು ಹಿಂದೆಯೇ ಗಂಟುಗಳನ್ನು ಮುಟ್ಟಿ, ಕೊಯ್ದು, ಬೇರೆಬೇರೆಯಾಗಿ ಹೆಸರಿಟ್ಟವರ ಬಗ್ಗೆ ನನಗೆ ತುಂಬ ಗೌರವ.

ಕೈಯಿಂದ ನೋಡುವುದು

ಇಲ್ಲಿ ಆತುರ ಬೇಡ. ಮೊದಲು ಕಣ್ಣಿಂದ ನೋಡಿ. ಮೇಲಿನ ಚರ್ಮ ಮಾಮೂಲಾಗಿದೆಯಾ, ಕೆಂಪಾಗಿದೆಯಾ, ನಡುವೆ ಚುಕ್ಕೆ ಇದೆಯಾ? ಆಮೇಲೆ ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಮುಟ್ಟಿ. ಲೈಪೋಮಾ ಮೆತ್ತಗಿರುತ್ತದೆ, ಹದವಾಗಿ ನಾದಿದ ಚಪಾತಿ ಹಿಟ್ಟಿನ ಉಂಡೆಯ ಹಾಗೆ. ಮೇಲ್ಮೈ ಪೂರ್ತಿ ನುಣುಪಲ್ಲ. ಒಳಗೆ ಕೊಬ್ಬು ಕಿತ್ತಳೆ ತೊಳೆಗಳಂತೆ ಭಾಗ ಭಾಗವಾಗಿರುವುದರಿಂದ ಸ್ವಲ್ಪ ಉಬ್ಬುತಗ್ಗು ಸಿಗುತ್ತದೆ.

ಈಗ ಅಂಚಿಗೆ ಬನ್ನಿ. ತೋರುಬೆರಳಿನಿಂದ ಗಂಟಿನ ಅಂಚನ್ನು ಒತ್ತಿ. ಅದು ಬೆರಳಡಿಯಿಂದ ಪಟಕ್ಕನೆ ಜಾರಿಹೋಗುತ್ತದೆ. ಇದೇ ಸ್ಲಿಪ್ ಸೈನ್. ಪೊರೆಯೊಳಗಿರುವ ಮೆತ್ತನೆಯ ಗಂಟು ಸುತ್ತಲಿನ ಕೊಬ್ಬಿಗೆ ಅಂಟಿಕೊಂಡಿಲ್ಲವಾದ್ದರಿಂದ ಹಾಗಾಗುತ್ತದೆ. ಸಿಸ್ಟ್ ಆದರೆ ಅಂಚು ಬೆರಳಿಗೆ ಬಗ್ಗುತ್ತದೆ, ಜಾರುವುದಿಲ್ಲ. ಎರಡನ್ನೂ ಒಂದೇ ದಿನ ಮುಟ್ಟಿ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಇದು ಓದಿ ಬರುವ ಪಾಠ ಅಲ್ಲ.

ಮೆತ್ತಗಿರುವುದರಿಂದ ಒಳಗೆ ನೀರಿದೆಯೇನೋ ಅನ್ನಿಸಬಹುದು. ಅದು ಬರೀ ಭಾಸ. ಹಾಗಂತ ಸೂಜಿ ಚುಚ್ಚಿ ಎಳೆಯಲು ಹೋಗಬೇಡಿ, ಏನೂ ಬರುವುದಿಲ್ಲ.

ಕೊನೆಯಲ್ಲಿ ಗಂಟು ಯಾವ ಪದರದಲ್ಲಿದೆ ಎಂದು ತಿಳಿಯಬೇಕು. ಕೆಳಗಿನ ಸ್ನಾಯುವನ್ನು ಬಿಗಿ ಮಾಡಲು ರೋಗಿಗೆ ಹೇಳಿ. ಗಂಟು ಇನ್ನೂ ಎದ್ದು ಕಂಡು, ಮೊದಲಿನಂತೆಯೇ ಅಲ್ಲಾಡಿದರೆ ಸ್ನಾಯುವಿನ ಮೇಲಿದೆ. ಅಲ್ಲಾಡುವುದು ನಿಂತರೆ, ಅಥವಾ ಗಂಟು ಅಡಗಿದಂತಾದರೆ, ಆಳದಲ್ಲಿದೆ. ಇದನ್ನು ಮಾಡದೆ ಮೈನರ್ ಓಟಿಗೆ, ಅಂದರೆ ಸಣ್ಣ ಆಪರೇಷನ್‌ಗಳ ಕೋಣೆಗೆ, ಕಳಿಸಿದರೆ ಅಲ್ಲಿ ಪರದಾಟ. ಹಣೆಯ ಗಂಟುಗಳಲ್ಲಂತೂ ಎಷ್ಟೋ ಸಲ ಅದು ಸ್ನಾಯುವಿನ ಅಡಿಯಲ್ಲೇ ಕೂತಿರುತ್ತದೆ.

ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಪೋಸ್ಟಿಂಗಿನ ಶುರುವಿನಲ್ಲಿ ಒಬ್ಬರ ಬೆನ್ನಿನ ಗಂಟನ್ನು ಅಂಗಿಯ ಮೇಲಿಂದಲೇ ಮುಟ್ಟಿ ಲೈಪೋಮಾ ಎಂದು ಬರೆದೆ. ನಮ್ಮ ಸರ್ ಅಂಗಿ ತೆಗೆಸಿದರು. ಗಂಟಿನ ನಡುವೆ ಸಣ್ಣ ಕಪ್ಪು ಚುಕ್ಕೆ ಇತ್ತು. ಚರ್ಮ ಅಲ್ಲಿ ಅಂಟಿಕೊಂಡಿತ್ತು, ಎತ್ತಲು ಬರಲಿಲ್ಲ. ಸೆಬೇಶಿಯಸ್ ಸಿಸ್ಟ್ ಅದು. ಸಿಸ್ಟ್ ಕೀವಾಗಬಹುದು, ತೆಗೆಯುವಾಗ ಮೇಲಿನ ಆ ಚುಕ್ಕೆಯ ಚರ್ಮವನ್ನೂ ಸೇರಿಸಿ ತೆಗೆಯಬೇಕು. ಹೆಸರು ತಪ್ಪಿದರೆ ಆಪರೇಷನ್ನೂ ತಪ್ಪುತ್ತದೆ. ಅಂದಿನಿಂದ ಬಟ್ಟೆ ಸರಿಸದೆ ಯಾರ ಗಂಟನ್ನೂ ನೋಡಿಲ್ಲ.

ಯಾವಾಗ ಅನುಮಾನ ಪಡಬೇಕು?

5 ಸೆಂ.ಮೀ.ಗಿಂತ ದೊಡ್ಡದು, ಬೇಗ ಬೆಳೆಯುತ್ತಿರುವುದು, ಸ್ನಾಯುವಿನ ಆಳದಲ್ಲಿರುವುದು, ಗಟ್ಟಿಯಾಗಿ ಕದಲದೆ ಕೂತಿರುವುದು, ಹೊಸದಾಗಿ ನೋವು ಶುರುವಾದದ್ದು, ತೆಗೆದ ಮೇಲೆ ಮತ್ತೆ ಬಂದದ್ದು. ಇವುಗಳಲ್ಲಿ ಒಂದು ಕಂಡರೂ ಲೈಪೋಸಾರ್ಕೋಮಾ ಇರಬಹುದೇ ಎಂದು ಯೋಚಿಸಬೇಕು. ಅದು ಕೊಬ್ಬಿನ ಕೋಶಗಳ ಕ್ಯಾನ್ಸರ್. ಹೆಚ್ಚಾಗಿ ಶುರುವಿನಿಂದಲೇ ಕ್ಯಾನ್ಸರ್ ಆಗಿ ಹುಟ್ಟುತ್ತದೆ. ಚರ್ಮದಡಿಯ ಮಾಮೂಲು ಲೈಪೋಮಾ ಕ್ಯಾನ್ಸರ್ ಆಗಿ ತಿರುಗುವುದು ತೀರಾ ಅಪರೂಪ. ರೋಗಿಗೆ ಈ ಮಾತನ್ನು ಧೈರ್ಯವಾಗಿ ಹೇಳಬಹುದು.

ಸಣ್ಣ, ಜಾರುವ ಗಂಟಿಗೆ ಬಹುತೇಕ ಕೈಯೇ ಸಾಕು. ಗೊಂದಲ ಇದ್ದರೆ ಅಲ್ಟ್ರಾಸೌಂಡ್. ಅನುಮಾನ ಇದ್ದರೆ ಎಂಆರ್‌ಐ. ಅದರಲ್ಲಿ ಲೈಪೋಮಾ ಚರ್ಮದಡಿಯ ಕೊಬ್ಬಿನಂತೆಯೇ ಕಾಣುತ್ತದೆ, ಕೊಬ್ಬನ್ನು ಮರೆಮಾಡುವ ಸೀಕ್ವೆನ್ಸಿನಲ್ಲಿ ಅದೂ ಮರೆಯಾಗುತ್ತದೆ. ದಪ್ಪ ದಪ್ಪ ಗೆರೆಗಳು, ಕೊಬ್ಬಲ್ಲದ ಗಟ್ಟಿ ಭಾಗ ಕಂಡರೆ ಬಯಾಪ್ಸಿ, ಅಂದರೆ ಸಣ್ಣ ತುಣುಕು ತೆಗೆದು ಪರೀಕ್ಷೆ. ಅದರ ಫಲಿತಾಂಶ ಬರುವ ಮುಂಚೆ ಗಂಟು ತೆಗೆಯಲು ಚಾಕು ಹಿಡಿಯಬಾರದು.

ಇನ್ನೊಂದು ವಿಷಯ ದಪ್ಪಕ್ಷರದಲ್ಲಿ ಬರೆದುಕೊಳ್ಳಿ. ಮಗುವಿನ ಸೊಂಟದ ನಟ್ಟನಡುವೆ ಮೆತ್ತನೆಯ ಗಂಟು, ಅದರ ಮೇಲೆ ಕೂದಲ ಗೊಂಚಲು ಅಥವಾ ಮಚ್ಚೆ ಇದ್ದರೆ ಮುಟ್ಟಿ ನೋಡಿ ನಿಲ್ಲಿಸಿ, ಕೊಯ್ಯಲು ಹೋಗಬೇಡಿ. ಆ ಕೊಬ್ಬು ಒಳಗೆ ಬೆನ್ನುಹುರಿಗೇ ಸೇರಿಕೊಂಡಿರಬಹುದು. ಎಂಆರ್‌ಐ ಆಗಬೇಕು, ನ್ಯೂರೋಸರ್ಜನ್ ನೋಡಬೇಕು.

ನೋವಿರುವ ಗಂಟುಗಳ ಬಗ್ಗೆ ಎರಡೇ ಮಾತು. ಚಿಕ್ಕ ವಯಸ್ಸಿನವರ ಮುಂಗೈಯಲ್ಲಿ ಸಣ್ಣ ಸಣ್ಣದಾಗಿ ಹಲವು ಇದ್ದು ಒತ್ತಿದರೆ ನೋವಾದರೆ ಆಂಜಿಯೋಲೈಪೋಮಾ ನೆನಪಿರಲಿ, ಅದರಲ್ಲಿ ರಕ್ತನಾಳಗಳು ಜಾಸ್ತಿ. ದಪ್ಪ ಮೈಯ ಮಧ್ಯವಯಸ್ಸಿನ ಹೆಂಗಸರಲ್ಲಿ ಕೊಬ್ಬಿನ ಗಂಟುಗಳ ಜೊತೆ ದೀರ್ಘಕಾಲ ತೀವ್ರ ನೋವಿದ್ದರೆ ಡೆರ್ಕಮ್ ಕಾಯಿಲೆ.

ಚಿಕಿತ್ಸೆ

ಮೊದಲ ಚಿಕಿತ್ಸೆ ಅಂದರೆ ಏನೂ ಮಾಡದೆ ಬಿಡುವುದು. ಅನುಮಾನವಿಲ್ಲ, ತೊಂದರೆಯಿಲ್ಲ ಅಂದರೆ ತೆಗೆಯಲೇಬೇಕು ಎಂದೇನಿಲ್ಲ. ನೋವು, ಚೀಲದ ಪಟ್ಟಿಯೋ ಬೆಲ್ಟೋ ಉಜ್ಜುವುದು, ನೋಡಲು ಮುಜುಗರ, ಬೆಳೆಯುತ್ತಿರುವುದು, ಅಥವಾ ಮನಸ್ಸಿಗೆ ಸಮಾಧಾನ ಇಲ್ಲದಿರುವುದು, ಇವೆಲ್ಲ ತೆಗೆಯಲು ಒಪ್ಪುವ ಕಾರಣಗಳೇ. ಕೊನೆಯದನ್ನು ಹಗುರ ಮಾಡಬೇಡಿ. ರಾತ್ರಿ ನಿದ್ದೆಗೆಟ್ಟು ಗಂಟನ್ನು ಮುಟ್ಟಿ ಮುಟ್ಟಿ ನೋಡುವವರಿದ್ದಾರೆ.

ಆಪರೇಷನ್ ಸಾಮಾನ್ಯವಾಗಿ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುತ್ತಾರೆ. ಇಂಜೆಕ್ಷನ್ ಕೊಡುವ ಮುಂಚೆಯೇ ಪೆನ್ನಿನಿಂದ ಗಂಟಿನ ಅಂಚು ಗುರುತು ಮಾಡಿ. ಔಷಧಿ ಹೋದ ಮೇಲೆ ಸುತ್ತಲೂ ಊದಿಕೊಂಡು ಗಂಟು ಎಲ್ಲಿತ್ತು ಎಂದೇ ತಿಳಿಯುವುದಿಲ್ಲ. ಮರಗಟ್ಟಿಸುವ ಔಷಧಿ ಅಡ್ರಿನಾಲಿನ್ ಸೇರಿಸಿದ ಲಿಗ್ನೋಕೇನ್ ಆದರೆ ಮಿತಿ ಕೆಜಿಗೆ 7 ಮಿ.ಗ್ರಾಂ. 2% ದ್ರಾವಣದ 1 ಮಿ.ಲೀ.ನಲ್ಲಿ 20 ಮಿ.ಗ್ರಾಂ ಇರುತ್ತದೆ. 60 ಕೆಜಿ ತೂಕದವರಿಗೆ 420 ಮಿ.ಗ್ರಾಂ, ಅಂದರೆ 21 ಮಿ.ಲೀ. ಅದಕ್ಕಿಂತ ಜಾಸ್ತಿ ಬೇಡ. ಈ ಲೆಕ್ಕ ಪರೀಕ್ಷೆಗೂ ಬೇಕು, ಓಟಿಗೂ ಬೇಕು. ಅಡ್ರಿನಾಲಿನ್ ಇಲ್ಲದಿದ್ದರೆ ಮಿತಿ ಇದಕ್ಕಿಂತ ತುಂಬ ಕಡಿಮೆ.

ಚರ್ಮದ ಮಡಿಕೆಗಳ ದಿಕ್ಕಿನಲ್ಲೇ ಕೊಯ್ದರೆ ಗಾಯದ ಗೆರೆ ಚೆನ್ನಾಗಿ ಕೂಡುತ್ತದೆ. ಪೊರೆ ಕಾಣುವವರೆಗೆ ಬಿಡಿಸಬೇಕು. ಅದು ಸಿಕ್ಕಿತು ಅಂದರೆ ಬೆರಳಿನಿಂದಲೇ ಸುತ್ತ ಬಿಡಿಸಬಹುದು. ಸಣ್ಣ ಗಂಟಿಗೆ ಗಂಟಿನಷ್ಟೇ ಉದ್ದ ಕೊಯ್ಯುವುದೂ ಬೇಡ. ಸಣ್ಣ ಬಾಯಿ ಮಾಡಿ, ಎರಡೂ ಕಡೆಯಿಂದ ಹಿಸುಕಿದರೆ ಹಳದಿ ಗಂಟು ಇಡಿಯಾಗಿ ಹೊರಗೆ ಚಿಮ್ಮುತ್ತದೆ. ಮನೆಯಲ್ಲಿ ನೆನೆಸಿದ ಅವರೆಕಾಳು ಹಿದುಕಿದ್ದೀರಲ್ಲ, ಥೇಟ್ ಹಾಗೆ. ಮೊದಲ ಸಲ ಕಂಡಾಗ ನನಗೆ ಅಜ್ಜಿಯ ಜೊತೆ ಕೂತು ಹಿದುಕವರೆ ಮಾಡಿದ ಸಂಕ್ರಾಂತಿಯ ದಿನಗಳೇ ಕಣ್ಣಮುಂದೆ ಬಂದವು.

ಗಂಟು ಬಂದ ಮೇಲೆ ಒಳಗೆ ಖಾಲಿ ಜಾಗ ಉಳಿಯುತ್ತದೆ. ರಕ್ತ ನಿಂತಿದೆಯೇ ಎಂದು ನಿಧಾನವಾಗಿ ನೋಡಿ, ಒಳಹೊಲಿಗೆ ಹಾಕಿ ಜಾಗ ಮುಚ್ಚಬೇಕು. ಇಲ್ಲದಿದ್ದರೆ ರಕ್ತವೋ ನೀರೋ ತುಂಬಿ ಮತ್ತೆ ಊದಿಕೊಳ್ಳುತ್ತದೆ, ರೋಗಿ "ಗಂಟು ವಾಪಸ್ ಬಂತು" ಎಂದು ಹೆದರಿ ಓಡಿಬರುತ್ತಾರೆ. ನಿಜವಾಗಿ ಮರಳುವುದು ಅಪರೂಪ, ಅದೂ ಹೆಚ್ಚಾಗಿ ಗಂಟಿನ ತುಣುಕು ಉಳಿದಾಗ. ಭುಜ, ಎದೆ, ಬೆನ್ನಿನ ಮೇಲೆ ಗಾಯದ ಗುರುತು ದಪ್ಪವಾಗಿ ಬೆಳೆಯಬಹುದು ಎಂದು ಮೊದಲೇ ಹೇಳಿಡಿ.

ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವ ಲೈಪೋಸಕ್ಷನ್‌ನಲ್ಲಿ ಗಾಯ ಸಣ್ಣದು, ಆದರೆ ಪೊರೆ ಒಳಗೇ ಉಳಿಯುತ್ತದೆ, ಮತ್ತೆ ಬರುವ ಸಾಧ್ಯತೆ ಜಾಸ್ತಿ. ಸ್ಟೀರಾಯ್ಡ್ ಇಂಜೆಕ್ಷನ್ ಸಣ್ಣ ಗಂಟನ್ನು ಕುಗ್ಗಿಸಬಹುದು, ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾಗದು. ಇವೆರಡರಲ್ಲೂ ಪರೀಕ್ಷೆಗೆ ಕಳಿಸಲು ಇಡೀ ಗಂಟು ಕೈಗೆ ಸಿಗುವುದಿಲ್ಲ. ಅದಕ್ಕೇ ನಾನು ಆಪರೇಷನ್ ಕಡೆಗೇ ವಾಲುತ್ತೇನೆ.

ತೆಗೆದ ಗಂಟನ್ನು ಫಾರ್ಮಲಿನ್‌ನಲ್ಲಿ ಹಾಕಿ ಹಿಸ್ಟೋಪೆಥಾಲಜಿಗೆ, ಅಂದರೆ ಮೈಕ್ರೋಸ್ಕೋಪಿನ ಪರೀಕ್ಷೆಗೆ, ಕಳಿಸಿ, ಬಾಟಲಿಯ ಮೇಲೆ ಹೆಸರು ಬರೆದಿದೆಯೇ ನೋಡಿಕೊಳ್ಳಿ. ಬೆನ್ನಿನ ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ಅಷ್ಟರಲ್ಲಿ ರಿಪೋರ್ಟ್ ಬಂದಿದ್ದರೆ ಅದನ್ನೂ ತರಿಸಿಟ್ಟುಕೊಳ್ಳಿ. ಹೊಲಿಗೆಗೆ ಕೈ ಹಾಕುವ ಮೊದಲೇ, "ಬರೀ ಕೊಬ್ಬಿನ ಗಂಟಮ್ಮ, ಕ್ಯಾನ್ಸರ್ ಅಲ್ಲ" ಎಂದು ಓದಿ ಹೇಳಿ.