65 ವ್ಯಾಟ್ ಅಡಾಪ್ಟರ್‌ಗೆ ಪುಟ್ಟ ಟಾರ್ಚ್ ಏಕೆ ಕಾಣಿಸುವುದಿಲ್ಲ?

ಲ್ಯಾಪ್‌ಟಾಪನ್ನೇ ಚಾರ್ಜ್ ಮಾಡುವ 65 ವ್ಯಾಟ್‌ನ ಟೈಪ್-ಸಿ ಅಡಾಪ್ಟರ್ ಬೆರಳುದ್ದದ ಟಾರ್ಚಿಗೆ ತೊಟ್ಟು ಕರೆಂಟೂ ಕೊಡುವುದಿಲ್ಲ. ಟಾರ್ಚಿನ ಡಬ್ಬಿಯಲ್ಲಿ ಬಂದ ಗಿಡ್ಡ ಕೇಬಲ್ ಹಿಡಿದು ಹಳೆಯ ಅಡಾಪ್ಟರ್‌ಗೆ ಸಿಕ್ಕಿಸಿದರೆ ಕೂಡಲೇ ಕೆಂಪು ದೀಪ ಹತ್ತುತ್ತದೆ. ವಿಚಿತ್ರವೆಂದರೆ ಇಲ್ಲಿ ಕೆಟ್ಟುಹೋದದ್ದು ಯಾವುದೂ ಇಲ್ಲ.

1996ರಲ್ಲಿ ಯುಎಸ್‌ಬಿ ಹುಟ್ಟಿದ್ದು ಡೇಟಾ ಸಾಗಿಸಲು; ಕರೆಂಟು ಅದರ ಬೆನ್ನಿಗೆ ಅಂಟಿಕೊಂಡು ಬಂತು. 5 ವೋಲ್ಟ್‌ನಲ್ಲಿ 100 ಮಿಲಿಆಂಪಿಯರ್ ಎಲ್ಲರಿಗೂ, ಕಂಪ್ಯೂಟರಿನ ಒಪ್ಪಿಗೆ ಸಿಕ್ಕರೆ 500. ಆದರೆ ಗೋಡೆಗೆ ಸಿಕ್ಕಿಸುವ ಅಡಾಪ್ಟರಿನಲ್ಲಿ ಒಪ್ಪಿಗೆ ಕೊಡಲು ಕಂಪ್ಯೂಟರೇ ಇಲ್ಲವಲ್ಲ! ಒಂದೊಂದು ಕಂಪನಿ ಡೇಟಾ ತಂತಿಗಳ ಮೇಲೆ ತನ್ನದೇ ಗುಟ್ಟಿನ ಸಂಜ್ಞೆ ಇಟ್ಟುಕೊಂಡಿತು, ಒಬ್ಬರದು ಇನ್ನೊಬ್ಬರಿಗೆ ತಿಳಿಯದಾಯಿತು. 2010ರ ಬ್ಯಾಟರಿ ಚಾರ್ಜಿಂಗ್ ನಿಯಮ ಇದಕ್ಕೆ ಸುಲಭ ದಾರಿ ತೋರಿಸಿತು: ಅಡಾಪ್ಟರಿನೊಳಗೆ ಎರಡು ಡೇಟಾ ತಂತಿಗಳನ್ನು ಒಂದಕ್ಕೊಂದು ಜೋಡಿಸಿಬಿಡಿ, ಅದನ್ನು ಗುರುತಿಸಿ, ಸಾಧನ 1.5 ಆಂಪಿಯರ್‌ವರೆಗೆ ಎಳೆದುಕೊಳ್ಳಲಿ.

2014ರಲ್ಲಿ ಯುಎಸ್‌ಬಿಯ ಹೊಸ ಕಿಂಡಿ ಟೈಪ್-ಸಿ ಬಂತು. ಈಗಿನ ತಲೆನೋವಿನ ಬೇರು ಇಲ್ಲಿದೆ. ಹಳೆಯ ಅಡಾಪ್ಟರ್, ಕಂಪ್ಯೂಟರುಗಳ ಅಗಲವಾದ ಆಯತಾಕಾರದ ಟೈಪ್-ಎ ಕಿಂಡಿಯಲ್ಲಿ 5 ವೋಲ್ಟ್ ಸದಾ ಹರಿಯಲು ಸಿದ್ಧ. ಟೈಪ್-ಸಿಯಲ್ಲಿ ಕೇಬಲಿನ ಎರಡೂ ತುದಿ ಒಂದೇ ತರಹ, ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಎಂಬುದು ಮೊದಲು ತೀರ್ಮಾನವಾಗಬೇಕು. ಆದ್ದರಿಂದ ತೆಗೆದುಕೊಳ್ಳುವ ಸಾಧನ ಇದನ್ನು ತಿಳಿಸುವ, ಕಿಂಡಿಯೊಳಗಿನ ತನ್ನ ಎರಡು ಸಿಸಿ ಪಿನ್‌ಗಳಿಗೆ ಒಂದೊಂದು 5.1 ಕಿಲೋಓಮ್ ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ ಬಿಡಿಭಾಗ) ಇಡಬೇಕು. ಅದು ಕಾಣುವ ತನಕ ಅಡಾಪ್ಟರ್ ಕರೆಂಟು ಬಿಡುವುದಿಲ್ಲ.

ಟಾರ್ಚು, ಟ್ರಿಮ್ಮರ್, ಅಗ್ಗದ ಸ್ಪೀಕರುಗಳ ಎಷ್ಟೋ ವಿನ್ಯಾಸಗಳಲ್ಲಿ ಮೈಕ್ರೋ ಕಿಂಡಿ ತೆಗೆದು ಸಿ ಕಿಂಡಿ ಕೂರಿಸಿದ್ದಷ್ಟೇ ಆಯಿತು. ಸಾಸಿವೆ ಗಾತ್ರದ ಆ ಎರಡು ರೆಸಿಸ್ಟರ್‌ಗಳು ಬೋರ್ಡಿಗೆ ಬರಲೇ ಇಲ್ಲ. ಡಬ್ಬಿಯ ಕೇಬಲಿನ ಒಂದು ತುದಿ ಟೈಪ್-ಎ ಆಗಿರುವುದರಿಂದ ಪರೀಕ್ಷೆಯಲ್ಲಿ ಎಲ್ಲವೂ ಪಾಸು. ಇದಕ್ಕೆ ಉಳಿತಾಯ ಎನ್ನುತ್ತಾರೋ ಮರೆವು ಎನ್ನುತ್ತಾರೋ, ಕೊಂಡವರಿಗೆ ಎರಡೂ ಒಂದೇ.

ಬಲ್ಲವರೂ ಎಡವಿದ್ದಾರೆ. 2019ರಲ್ಲಿ ಬಂದ ಜನಪ್ರಿಯ ಪುಟ್ಟ ಕಂಪ್ಯೂಟರೊಂದರಲ್ಲಿ ಎರಡು ಪಿನ್‌ಗೂ ಸೇರಿ ಒಂದೇ ರೆಸಿಸ್ಟರ್ ಇತ್ತು. ಸಾದಾ ಕೇಬಲಿಗೆ ತೊಂದರೆಯಿಲ್ಲ. ಒಳಗೆ ಚಿಪ್ ಇರುವ ಕೇಬಲ್ ಹಾಕಿದರೆ ಅಡಾಪ್ಟರ್ ಆ ಕಂಪ್ಯೂಟರನ್ನು ಆಡಿಯೋ ಸಾಧನವೆಂದು ಭಾವಿಸಿ ಸುಮ್ಮನಾಗುತ್ತಿತ್ತು. ಮುಂದಿನ ಆವೃತ್ತಿಯಲ್ಲಿ ಸರಿಪಡಿಸಿದರು.

ಹಾಗಾದರೆ ಅಡಾಪ್ಟರನ್ನೇ ಬದಲಿಸಿ, ಸದಾ 5 ವೋಲ್ಟ್ ಬಿಡುವಂತೆ ಮಾಡಬಾರದೇ? ಈ ಬೇಡಿಕೆ ಆಗಾಗ ಕೇಳಿಬರುತ್ತದೆ. ಹಾಗೆ ಮಾಡಿದರೆ ಎರಡು ಅಡಾಪ್ಟರ್‌ಗಳನ್ನು ಒಂದೇ ಕೇಬಲಿನಿಂದ ಜೋಡಿಸಿದಾಗ ಅವು ಒಂದಕ್ಕೊಂದು ಕರೆಂಟು ನುಗ್ಗಿಸುತ್ತವೆ. ಸಿ ಕಿಂಡಿಯ ಪಕ್ಕದಲ್ಲಿ ಒಂದು ಎ ಕಿಂಡಿ ಉಳಿಸಿಕೊಳ್ಳುವುದೇ ಮೇಲು. ಪವರ್ ಬ್ಯಾಂಕಿನದು ಬೇರೆ ರಗಳೆ: ಇಯರ್‌ಬಡ್‌ನಂಥ ಸಾಧನ ಎಳೆಯುವ ಕರೆಂಟು ತೀರಾ ಕಡಿಮೆಯಾದರೆ ಏನೂ ಜೋಡಿಸಿಲ್ಲವೆಂದು ಅದು ತಾನಾಗಿ ಆರಿಹೋಗುತ್ತದೆ. ಕೆಲವದರಲ್ಲಿ ಇದಕ್ಕೆಂದೇ ಕಡಿಮೆ ಕರೆಂಟಿನ ಮೋಡ್ ಇದೆ, ಎಲ್ಲದರಲ್ಲೂ ಇರಬೇಕಿತ್ತು.

2024ರ ಡಿಸೆಂಬರ್ 28ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರುವ ಹೊಸ ಫೋನು, ಇಯರ್‌ಬಡ್, ಸ್ಪೀಕರು, ಕೀಬೋರ್ಡುಗಳಿಗೆ ಟೈಪ್-ಸಿ ಕಡ್ಡಾಯ. ಬರೀ ಕಿಂಡಿ ಇದ್ದರೆ ಸಾಲದು, ನಿಯಮಬದ್ಧ ಕೇಬಲಿನಿಂದ ಚಾರ್ಜ್ ಆಗಲೂಬೇಕು. ಟಾರ್ಚು, ಟ್ರಿಮ್ಮರ್ ಆ ಪಟ್ಟಿಯಲ್ಲಿಲ್ಲ. ಡಬ್ಬಿಯಲ್ಲಿ ಬಂದ ಗಿಡ್ಡ ಕೇಬಲನ್ನು ಸದ್ಯಕ್ಕೆ ಎಸೆಯಬೇಡಿ.